ಆಗಸ್ಟ್ 29ನ್ನೂ ನೆನೆಯಬೇಕು



2023ರ ಆಗಸ್ಟ್ 23ರಂದು ಚಂದ್ರಯಾನ-3 ಚಂದ್ರನ ಮೇಲಿಳಿಯಿತು. ಅದನ್ನು ಹೊತ್ತೊಯ್ದ ರಾಕೆಟ್ಟಿನ ಎಂಜಿನುಗಳ ಭಾಗಗಳು ನಮ್ಮ ವಿಕ್ರೋಳಿಯ ಗೋದ್ರೆಜ್ ಕಾರಖಾನೆಯಲ್ಲಿ ಸಿದ್ಧವಾದವೆಂಬುದು ನಮಗೆ ಹೆಮ್ಮೆಯ ಸಂಗತಿಯೇ ಸರಿ. ಆ ದಿನವನ್ನು ಶಾಲೆಗಳು ಆಚರಿಸುತ್ತವೆ. ಆರು ದಿನಗಳ ತರುವಾಯ ಬರುವ ಆಗಸ್ಟ್ 29ನ್ನು ಮಾತ್ರ ಯಾರೂ ನೆನೆಯರು. ನೆನೆಯಬೇಕೆಂಬುದು ನಮ್ಮ ಮತ.

2008ರ ಅಕ್ಟೋಬರ್ 22ರಂದು ಹೊರಟ ಚಂದ್ರಯಾನ-1ಕ್ಕೆ ಎರಡು ವರ್ಷಗಳ ಆಯುಸ್ಸನ್ನು ಎಣಿಸಲಾಗಿತ್ತು. ನಕ್ಷತ್ರಗಳನ್ನು ನೋಡಿ ನೌಕೆಯ ದಿಕ್ಕನ್ನು ತಿಳಿಸುವ ಉಪಕರಣಗಳು ಒಂದಾದ ಮೇಲೊಂದು ಕೆಟ್ಟವು. ಬೆಂಗಳೂರಿನ ಪೀಣ್ಯದ ಕೇಂದ್ರದಲ್ಲಿ ಕುಳಿತವರು ಎದೆಗುಂದದೆ, ಗೈರೋಸ್ಕೋಪುಗಳ ಆಸರೆಯಿಂದ ಅದನ್ನು ನಡೆಸಿದರು. ಆದರೂ 2009ರ ಆಗಸ್ಟ್ 29ರಂದು, 312 ದಿನಗಳಿಗೆ, ಅದು ಮೌನವಾಯಿತು. ವಿಕಿರಣ, ಅಂದಾಜು ಮೀರಿದ ಶಾಖ, ಎರಡನ್ನೂ ಕಾರಣವೆಂದು ಹೇಳಲಾಯಿತು.

‘ಎರಡು ವರ್ಷವೆಂದವರಿಗೆ ಲೆಕ್ಕ ಬರಲಿಲ್ಲವೇ, ಸರ್?’ ಎಂದು ತರಗತಿಯಲ್ಲಿ ಒಬ್ಬ ಹುಡುಗ ಕೇಳಿದನು. ಉಳಿದವರು ನಕ್ಕರು. ನಗುವ ಪ್ರಶ್ನೆ ಅದಲ್ಲ.

ಭೂಮಿಯ ಮೇಲೆ ವಾತಾವರಣವೂ ಕಾಂತಕ್ಷೇತ್ರವೂ ನಮ್ಮನ್ನು ಕಾಯುತ್ತಿವೆ. ಅದರಾಚೆ ವಿಕಿರಣವು ಚಿಪ್‌ಗಳನ್ನು ಎರಡು ಬಗೆಯಿಂದ ಪೀಡಿಸುತ್ತದೆ. ಒಂದು, ಮಳೆಗಾಲದಲ್ಲಿ ಚಾಳಿನ ಗೋಡೆಗೆ ತೇವ ಏರುವಂತೆ ದಿನದಿನವೂ ಸೇರುತ್ತ ಹೋಗುವ ಹಾನಿ. ಕೋಬಾಲ್ಟ್-60ರ ಗಾಮಾ ಕಿರಣಗಳೆದುರು ಚಿಪ್ಪನ್ನಿಟ್ಟು ಇದನ್ನು ಮೊದಲೇ ಅಳೆಯಬಹುದು. ಇನ್ನೊಂದು, ಒಂದೇ ಕಣದ ಏಟು. 2010ರಲ್ಲಿ ವಾಯೇಜರ್-2ರ ಸ್ಮೃತಿಕೋಶದಲ್ಲಿ ಒಂದೇ ಒಂದು ಸೊನ್ನೆ ‘ಒಂದು’ ಆದುದರಿಂದ ಅದು ಕಳುಹಿಸಿದ ವೈಜ್ಞಾನಿಕ ಮಾಹಿತಿ ಅರ್ಥವಾಗದಂತಾಯಿತು. ಕಾರಣ ಇಂತಹ ಕಣವೇ ಇರಬಹುದೆಂದು ಊಹೆ. ಈ ಏಟನ್ನು ತಿಳಿಯಲೆಂದೇ ನಮ್ಮ ನಗರದ ಕೊಲಾಬಾದಲ್ಲಿರುವ ಪೆಲೆಟ್ರಾನ್ ಯಂತ್ರದ ಅಯಾನುಗಳೆದುರು ಚಿಪ್‌ಗಳನ್ನು ಪರೀಕ್ಷಿಸುವುದುಂಟು. ಆದರೆ ಪರೀಕ್ಷೆಯಿಂದ ದೊರೆಯುವುದು ಸಂಭಾವ್ಯತೆ ಮಾತ್ರ. ಏಟು ಯಾವ ದಿನ ಬೀಳುವುದೆಂದು ಯಾವ ಗಣಿತವೂ ಹೇಳಲಾರದು. ಸೂರ್ಯನು ಯಾವ ವರ್ಷ ಎಷ್ಟು ಕೆರಳುವನೋ ಅದನ್ನೂ ನಿಶ್ಚಯವಾಗಿ ಹೇಳಲಾಗದು.

ಹಾಗಾಗಿ ‘ಎರಡು ವರ್ಷ’ ಎಂಬುದು ವಚನವಲ್ಲ, ಅಂದಾಜು. 2013ರಲ್ಲಿ ಹೊರಟ ಮಂಗಳಯಾನವು ಮಂಗಳನ ಸುತ್ತ ಆರು ತಿಂಗಳು ದುಡಿಯಲೆಂದು ಯೋಜಿಸಿದ್ದು; ಅದು ಏಳು ವರ್ಷಗಳಿಗೂ ಹೆಚ್ಚು ಬಾಳಿತು. ಆಗ ಲೆಕ್ಕ ತಪ್ಪಿತೆಂದು ಯಾರೂ ಕೇಳಲಿಲ್ಲವೆಂಬುದು ವಿನೋದವಲ್ಲವೆ! ಗೆದ್ದ ದಿನವನ್ನಷ್ಟೇ ಮಕ್ಕಳಿಗೆ ತೋರಿಸಿದರೆ, ಅಂದಾಜು ಮಾಡುವವರ ಕಷ್ಟ ಅವರಿಗೆ ತಿಳಿಯುವುದೆಂತು?

ಬರುವ ಆಗಸ್ಟ್ 29ರಂದು ಪ್ರಾರ್ಥನೆಯ ವೇಳೆಯಲ್ಲಿ ಆ 312 ದಿನಗಳ ಕಥೆಯನ್ನು ಓದಿಸಬೇಕೆಂದಿದ್ದೇವೆ. ಓದುವವನು ಆ ಪ್ರಶ್ನೆ ಕೇಳಿದ ಹುಡುಗನೇ.