ಕೆಟ್ಟ ಕಾಲಕ್ಕೆ ಪಕ್ಕದ ಅಂಗಡಿಯವನೇ ಆಸರೆ

ಸೆಪ್ಟೆಂಬರ್ 17 ಬಂತೆಂದರೆ ಮುನಿರಾಬಾದಿನಿಂದ ಬೀದರಿನವರೆಗೆ ಸರ್ಕಾರಿ ಕಚೇರಿಗಳ ಮುಂದೆ ಧ್ವಜ ಏರುತ್ತದೆ. ಮೊದಲು ವಿಮೋಚನಾ ದಿನ ಎನ್ನುತ್ತಿದ್ದರು. 2019ರಿಂದ ಕಲ್ಯಾಣ ಕರ್ನಾಟಕ ಉತ್ಸವ. ಭಾಷಣದಲ್ಲಿ ಸರದಾರ ಪಟೇಲರು ಬರುತ್ತಾರೆ, ರಜಾಕಾರರು ಬರುತ್ತಾರೆ. ಮಿಠಾಯಿ ತಿಂದು ಮಂದಿ ಬಸ್ಸು ಹಿಡಿಯುತ್ತಾರೆ. ಆ ದಿನಗಳಲ್ಲಿ ಬಡಪಾಯಿ ಜನ ಯಾರ ಆಸರೆಯಿಂದ ಜೀವ ಉಳಿಸಿಕೊಂಡರು ಎಂಬ ಮಾತು ವೇದಿಕೆಗೆ ಬರುವುದು ಅಪರೂಪ. ಇವತ್ತಿನ ಪೇಟೆಗೆ ಬೇಕಾದ ಮಾತು ಅದೇ.

ಹೊಳೆ ದಾಟಿದರೆ ಬೇರೆ ಸೀಮೆ

1947ರಲ್ಲಿ ಮುನಿರಾಬಾದ್ ನಿಜಾಮರ ಸೀಮೆ. ತುಂಗಭದ್ರೆಯ ಆಚೆ ದಡದ ಹೊಸಪೇಟೆ ಮದ್ರಾಸ್ ಪ್ರಾಂತಕ್ಕೆ ಸೇರಿತ್ತು. ಪಶ್ಚಿಮಕ್ಕೆ ಹೋದರೆ ಮುಂಡರಗಿ, ಗಜೇಂದ್ರಗಡ. ಅದು ಮುಂಬಯಿ ಪ್ರಾಂತ. ಆಗಸ್ಟ್ 15ರಂದು ಆಚೆ ದಡದಲ್ಲಿ ಸ್ವಾತಂತ್ರ್ಯದ ಹಬ್ಬವಾದರೆ, ಅದೇ ದಿನ ಹೈದರಾಬಾದಿನಲ್ಲಿ ಸ್ವಾಮಿ ರಮಾನಂದ ತೀರ್ಥರ ಬಂಧನವಾಯಿತು. ಕಾಸಿಂ ರಜ್ವಿಯ ರಜಾಕಾರರ ಹಾವಳಿ ಹೆಚ್ಚಾದಂತೆ ಮಂದಿ ಮನೆಮಾರು ಬಿಟ್ಟು ಗಡಿ ದಾಟಿದರು.

ಗಡಿಯಾಚೆ ಶಿಬಿರಗಳು ಎದ್ದವು. ಮುಂಡರಗಿಯಲ್ಲಿ ಅಳವಂಡಿ ಶಿವಮೂರ್ತಿಸ್ವಾಮಿಗಳು, ಗಜೇಂದ್ರಗಡದಲ್ಲಿ ಪುಂಡಲೀಕಪ್ಪ ಜ್ಞಾನಮೋಠೆ ಮುಂದಾಳುಗಳು. ಶಿಬಿರ ಎಂದರೆ ಬಂದೂಕು ಅಷ್ಟೇ ಅಲ್ಲ. ಬಂದವರಿಗೆ ಊಟ ಬೇಕು, ಮಲಗಲು ಜಾಗ ಬೇಕು. ಹೊಟ್ಟೆಗೆ ಹಾಕುವ ಊರು ಹಿಂದೆ ಇಲ್ಲದಿದ್ದರೆ ಯಾವ ಚಳವಳಿಯೂ ನಾಲ್ಕು ದಿನ ನಿಲ್ಲದು.

ಆಗಲೂ ಎಲ್ಲವೂ ಹಿಂದೂ–ಮುಸ್ಲಿಂ ಲೆಕ್ಕವಾಗಿರಲಿಲ್ಲ. ಹೈದರಾಬಾದ್ ಭಾರತಕ್ಕೆ ಸೇರಲಿ ಎಂದು ಬರೆದ 'ಇಮ್ರೋಜ್' ಪತ್ರಿಕೆಯ ಸಂಪಾದಕ ಶೋಯೆಬುಲ್ಲಾ ಖಾನ್‌ರನ್ನು 1948ರ ಆಗಸ್ಟ್‌ನಲ್ಲಿ ಕೊಂದರು. ರಜಾಕಾರರ ಸಿಟ್ಟಿಗೆ ಬಲಿಯಾದ ಈತನೂ ಮುಸಲ್ಮಾನನೇ.

ಭಾಷಣದಲ್ಲಿ ಬಾರದ ಅಧ್ಯಾಯ

1948ರ ಸೆಪ್ಟೆಂಬರ್ 13ಕ್ಕೆ ಶುರುವಾದ ಪೊಲೀಸ್ ಕಾರ್ಯಾಚರಣೆ 17ಕ್ಕೆ ಮುಗಿಯಿತು. ನಿಜಾಮರು ಶರಣಾದರು. ಕಥೆ ಅಲ್ಲಿಗೆ ಮುಗಿಯಲಿಲ್ಲ. ರಜಾಕಾರರ ಮೇಲಿನ ಸೇಡು ಯಾವ ತಪ್ಪೂ ಮಾಡದ ಮುಸ್ಲಿಂ ಮನೆಗಳ ಮೇಲೆ ತಿರುಗಿತು. ಭಾರತ ಸರ್ಕಾರವೇ ಕಳಿಸಿದ ಪಂಡಿತ ಸುಂದರಲಾಲ್ ಸಮಿತಿ ಆ ವರ್ಷದ ಕೊನೆಗೆ ಊರೂರು ತಿರುಗಿತು. ಸತ್ತವರು 27 ಸಾವಿರದಿಂದ 40 ಸಾವಿರ ಎಂದು ಅದರ ಅಂದಾಜು. ಉಸ್ಮಾನಾಬಾದ್, ಗುಲ್ಬರ್ಗಾ, ಬೀದರ್, ನಾಂದೇಡ್ ಜಿಲ್ಲೆಗಳಿಗೆ ಹೆಚ್ಚು ಪೆಟ್ಟು. ಆ ವರದಿ ಹತ್ತಾರು ವರ್ಷ ಬೆಳಕು ಕಾಣಲಿಲ್ಲ.

ಅದೇ ವರದಿಯಲ್ಲಿ ಇನ್ನೊಂದು ಮಾತೂ ಇದೆ. ಮುಸ್ಲಿಮರನ್ನು ಕಾಪಾಡಿದ ಹಿಂದೂಗಳೂ ಕಡಿಮೆ ಇರಲಿಲ್ಲ. ಒಂದೇ ಕಸುಬಿನವರಲ್ಲಂತೂ ಈ ಕಳಕಳಿ ಎದ್ದು ಕಾಣುತ್ತಿತ್ತು. ಹಿಂದೂ ನೇಕಾರರು ಮುಸ್ಲಿಂ ನೇಕಾರರಿಗೆ ಅಡ್ಡ ನಿಂತರು. ಕೆಲವರು ಅದಕ್ಕಾಗಿ ಪ್ರಾಣವನ್ನೇ ಕೊಟ್ಟರು.

ನೇಕಾರರೇ ಯಾಕೆ? ಕೊಪ್ಪಳದ ಪಕ್ಕದ ಭಾಗ್ಯನಗರದಲ್ಲಿ ಮಗ್ಗದ ಸದ್ದು ಕೇಳಿದವರಿಗೆ ಉತ್ತರ ಹೊಳೆಯುತ್ತದೆ. ನೂಲಿನ ದರ ಏರಿದರೆ ಇಬ್ಬರಿಗೂ ಏಟು. ಸೀರೆ ಮಾರಾಟವಾಗದಿದ್ದರೆ ಇಬ್ಬರ ಒಲೆಯೂ ತಣ್ಣಗೆ. ದಿನಾ ಲೇವಾದೇವಿ ಇದ್ದವನು 'ಅವರ ಪೈಕಿ' ಆಗುವುದಿಲ್ಲ. ಹೆಸರಿರುವ, ಮಕ್ಕಳಿರುವ ಮನುಷ್ಯನಾಗಿಯೇ ಉಳಿಯುತ್ತಾನೆ. ಗದ್ದಲದ ದಿನ ಅವನ ಬಾಗಿಲಿಗೆ ಅಡ್ಡ ನಿಲ್ಲುವ ಧೈರ್ಯ ಹುಟ್ಟುವುದು ಆ ಹಳೆಯ ಲೇವಾದೇವಿಯಿಂದ.

ಶಾಂತಿ ಸಭೆಯ ಚಹಾ

ಈಗ ರಜಾಕಾರರಿಲ್ಲ, ನಿಜಾಮರಿಲ್ಲ. ಆದರೆ ಚುನಾವಣೆ ಬಂದಾಗ, ಎಲ್ಲೋ ದೂರದ ಊರಿನಲ್ಲಿ ಕಲ್ಲು ಬಿದ್ದಾಗ, ಪೇಟೆಯಲ್ಲಿ ಗುಸುಗುಸು ಏಳುತ್ತದೆ. ಗಣೇಶ ಚೌತಿ, ಮೊಹರಂ ಹತ್ತಿರವಾದರೆ ಠಾಣೆಯಲ್ಲಿ ಶಾಂತಿ ಸಭೆ. ಮುಖಂಡರು ಬರುತ್ತಾರೆ, ಚಹಾ ಆಗುತ್ತದೆ, ಫೋಟೋ ಆಗುತ್ತದೆ. ಸಭೆ ಬೇಡವೆಂದಲ್ಲ. ಆದರೆ ಗದ್ದಲದ ದಿನ ಶಟರ್ ಎಳೆದು ಕೂಡುವವನು ಮುಖಂಡನಲ್ಲ, ಅಂಗಡಿಕಾರ. ಬಸ್ಸು ನಿಂತರೆ ಸ್ಟ್ಯಾಂಡಿನಲ್ಲಿ ಸಿಕ್ಕಿಬೀಳುವವನು ಸಂತೆಗೆ ಬಂದ ಹಳ್ಳಿಯವನು. ಇವರ ನಡುವೆ ಮಾತುಕತೆ ಇದೆಯೋ ಇಲ್ಲವೋ, ಪ್ರಶ್ನೆ ಅದು.

ಆಗಬೇಕಾದ ಕೆಲಸವೇನೂ ದೊಡ್ಡದಲ್ಲ. ಮೊಬೈಲಿಗೆ ಬಂದ ಸುದ್ದಿಯನ್ನು ದಾಟಿಸುವ ಮೊದಲು ಆ ಊರಿನ ಪರಿಚಯದವರಿಗೆ ಒಂದು ಫೋನು. ಪೇಟೆ ಬಂದ್ ಆದ ದಿನ ಹಾಲು, ಔಷಧ ಬೇಕಾದ ಮನೆಗೆ ಹಿಂಬಾಗಿಲಿನಿಂದಾದರೂ ತಲುಪಿಸುವ ಏರ್ಪಾಡು. ಸಾಲಿನ ಅಂಗಡಿಯವರೆಲ್ಲರ ನಂಬರು ಒಬ್ಬರಿಗೊಬ್ಬರಿಗೆ ಗೊತ್ತಿರುವುದು. ಜಾತಿ ನೋಡಿ ಗಿರಾಕಿಯ ಉದ್ರಿ ನಿಲ್ಲಿಸದಿರುವುದು.

ಇಂಥ ಕೂಡುಬಾಳ್ವೆ ಈ ಸೀಮೆಗೆ ಹೊಸದಲ್ಲ. ಮುದಗಲ್ಲಿನ ಮೊಹರಂಗೆ ಹೋಗುವವರು ಮುಸಲ್ಮಾನರು ಮಾತ್ರವಲ್ಲ. ಮುನಿರಾಬಾದಿನ ಡ್ಯಾಮೇ ಸಾಕ್ಷಿ: 1945ರಲ್ಲಿ ಹೈದರಾಬಾದ್, ಮದ್ರಾಸ್ ಎಂಬ ಎರಡು ಸರ್ಕಾರಗಳು ಎರಡು ದಡದಿಂದ ಕೈಹಾಕಿದ ಕೆಲಸ ಅದು. ನಡುವೆ 1948 ಬಂದು ಹೋಯಿತು. ಕಟ್ಟೆ ಎದ್ದು ನಿಂತಿತು. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನು ತುಂಡಾಗಿ ನೀರು ನುಗ್ಗಿದಾಗ ಹೊಳೆಯ ಎರಡೂ ದಡದ ರೈತರಿಗೆ ನಿದ್ದೆ ಇರಲಿಲ್ಲ. ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟು ಇಳಿಸಿದ ಕೆಲಸಗಾರರ ಜಾತಿ ಯಾವುದೆಂದು ಆ ವಾರ ಯಾರೂ ಕೇಳಲಿಲ್ಲ.

ಗೇಟು ಮುರಿದ ಮೇಲೆ ಚೈನು ಹುಡುಕುವುದು ಕಷ್ಟದ ಕೆಲಸ. ಮಂದಿಯ ನಡುವಿನ ಚೈನನ್ನಾದರೂ ನೀರು ಶಾಂತವಿದ್ದಾಗಲೇ ನೋಡಿಕೊಳ್ಳುವುದು ಜಾಣತನ.