ಜಮೈಕಾದ ಸಭೆಯಲ್ಲಿ ಕೃಷ್ಣಾತೀರದ ಕನ್ನಡ

ಕ್ಯೂಬಾದ ದಕ್ಷಿಣಕ್ಕೆ, ಕೆರಿಬಿಯನ್ ಸಮುದ್ರದ ನಡುವೆ, ಜಮೈಕಾ ಎಂಬ ದ್ವೀಪರಾಷ್ಟ್ರವಿದೆ. ವಿಸ್ತಾರ ಸುಮಾರು 11,000 ಚದರ ಕಿಲೋಮೀಟರು. ಬೆಳಗಾವಿ ಜಿಲ್ಲೆಗಿಂತಲೂ ಚಿಕ್ಕದು. ಅದರ ಪೂರ್ವಭಾಗದಲ್ಲಿ 2,256 ಮೀಟರು ಎತ್ತರಕ್ಕೇರಿರುವ ಗಿರಿಶ್ರೇಣಿಯ ಹೆಸರನ್ನು ಕನ್ನಡಕ್ಕೆ ತಂದರೆ ‘ನೀಲಗಿರಿ’ ಎಂದೇ ಆಗುವುದು! 1494ರಲ್ಲಿ ಕೊಲಂಬಸನು ಅಲ್ಲಿಗೆ ಬಂದನು; 1655ರಲ್ಲಿ ಇಂಗ್ಲಿಷರು ಅದನ್ನು ಸ್ಪೇನಿನವರಿಂದ ಕಸಿದುಕೊಂಡರು. ಕಬ್ಬಿನ ತೋಟಗಳಿಗಾಗಿ ಆಫ್ರಿಕದಿಂದ ಗುಲಾಮರನ್ನು ಹಡಗುಗಳಲ್ಲಿ ತುಂಬಿ ತಂದರು. ಅವರಿಗೆ ಪೂರ್ಣ ಬಿಡುಗಡೆ ದೊರೆತದ್ದು 1838ರಲ್ಲಿ. 1845ರಿಂದ ಭಾರತದ ಕೂಲಿಕಾರರೂ ಅಲ್ಲಿಗೆ ಹೋದರು. 1962ರ ಆಗಸ್ಟ್ 6ರಂದು ನಾಡು ಸ್ವತಂತ್ರವಾಯಿತು.

ಬೇರೆ ಬೇರೆ ನುಡಿಗಳನ್ನಾಡುತ್ತಿದ್ದ ಆ ಗುಲಾಮರ ಸಂತತಿಯಲ್ಲಿ ಇಂಗ್ಲಿಷಿನ ಶಬ್ದಗಳಿಂದಲೇ ಒಂದು ಹೊಸ ಭಾಷೆ ಹುಟ್ಟಿತು. ಶಾಲೆಯೂ ನ್ಯಾಯಾಲಯವೂ ಅದನ್ನು ಬಹುಕಾಲ ಕೆಟ್ಟ ಇಂಗ್ಲಿಷೆಂದೇ ಬಗೆದವು. ಕವಯಿತ್ರಿ ಲೂಯಿಸ್ ಬೆನೆಟ್ ಮಾತ್ರ ಹಟಹಿಡಿದು ಅದರಲ್ಲಿಯೇ ಬರೆದರು.

ಇಂತಹ ಭಾಷೆಗಳನ್ನು ಕುರಿತು 1968ರ ಏಪ್ರಿಲಿನಲ್ಲಿ ಜಮೈಕಾದ ಮೋನಾ ಎಂಬಲ್ಲಿ ವಿದ್ವಾಂಸರ ಸಭೆ ಸೇರಿತು. ಅಲ್ಲಿ ಚರ್ಚೆಗೆ ಬಂದ ಊರುಗಳಲ್ಲಿ ಒಂದು ಕಾಗವಾಡದ ಮಗ್ಗುಲಿನದೆಂದರೆ ವಾಚಕರು ನಂಬಲಾರರು. ಕಾಗವಾಡದಿಂದ ಗಡಿ ದಾಟಿದರೆ ಮೀರಜು. ಅದರಾಚೆ ಸಾಂಗ್ಲಿ ಜಿಲ್ಲೆಯ ಕುಪವಾಡ. ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ ಎಂಬವರು ಅಧ್ಯಯನ ಮಾಡಿದಾಗ ಅದು ಸುಮಾರು 3,000 ಜನರ ಹಳ್ಳಿ. ಅಲ್ಲಿಯ ಜೈನರ ಹಾಗೂ ಲಿಂಗಾಯತರ ಮನೆಮಾತು ಕನ್ನಡ, ಮುಸಲ್ಮಾನರದು ಉರ್ದು, ಭೂಮಿಯಿಲ್ಲದ ಕೂಲಿಕಾರರದು ಮರಾಠಿ, ಹಗ್ಗ ಹೊಸೆಯುವವರದು ತೆಲುಗು. ಗಂಡಸರಲ್ಲಿ ಹೆಚ್ಚಿನವರು ಎರಡು ಮೂರು ನುಡಿಗಳನ್ನು ಬಲ್ಲವರು.

ಶತಮಾನಗಳ ಈ ಸಹವಾಸದಿಂದ ಒಂದು ವಿಚಿತ್ರ ನಡೆದಿತ್ತು. ಶಬ್ದಗಳು ಆಯಾ ಮನೆಯವಾಗಿಯೇ ಉಳಿದವು. ವ್ಯಾಕರಣ ಮಾತ್ರ ಬಹುಮಟ್ಟಿಗೆ ಒಂದೇ ಅಚ್ಚಿಗೆ ಬಂದಿತು. ‘ಇದು ನಿಮ್ಮ ಮನೆ’ ಎಂಬಲ್ಲಿ ಗ್ರಂಥಸ್ಥ ಕನ್ನಡಕ್ಕೆ ಕ್ರಿಯಾಪದ ಬೇಡ. ಉರ್ದು, ಮರಾಠಿಗಳಿಗೆ ಬೇಕು. ಕುಪವಾಡದ ಕನ್ನಡಿಗನು ಅವರಂತೆಯೇ ಕೊನೆಗೆ ‘ಐತಿ’ ಸೇರಿಸಿದನು. ಆದರೆ ಸಾಲ ಒಮ್ಮುಖವಾಗಿರಲಿಲ್ಲ. ಮನುಷ್ಯರಿಗೆ ಮಾತ್ರ ಸ್ತ್ರೀ-ಪುರುಷ ಭೇದ, ಮಿಕ್ಕುದೆಲ್ಲ ನಪುಂಸಕ ಎಂಬ ಕನ್ನಡದ ಲಿಂಗವ್ಯವಸ್ಥೆಗೆ ಅಲ್ಲಿಯ ಉರ್ದು, ಮರಾಠಿಗಳೆರಡೂ ಶರಣಾದವು. ಅಂದಮೇಲೆ ಗಡಿನಾಡಿನ ಕನ್ನಡವನ್ನು ಕುಲಗೆಟ್ಟುದೆಂದು ಹಳಿಯುವವರು ವ್ಯಾಕರಣದ ಅರ್ಧ ಲೆಕ್ಕವನ್ನಷ್ಟೇ ಓದಿದವರು.

1956ರ ನವೆಂಬರ್ 1ರಂದು ಬೆಳಗಾವಿ ಜಿಲ್ಲೆ ಮುಂಬಯಿ ರಾಜ್ಯದಿಂದ ಮೈಸೂರಿಗೆ ಬಂದಿತು. ಕಾಗವಾಡ ಈಚೆ, ಮೀರಜು ಆಚೆ ಉಳಿದವು. ಯಾವ ಊರು ಯಾರದೆಂಬ ತಕರಾರು 1967ರ ಮಹಾಜನ ವರದಿಯಿಂದಲೂ ಮುಗಿಯಲಿಲ್ಲ. ಅದೇ ವರ್ಷ ಶ್ರವಣಬೆಳಗೊಳದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠವನ್ನು ಅಲಂಕರಿಸಿದವರು ಚಿಕ್ಕೋಡಿ ಸೀಮೆಯ ಸದಲಗಾದಲ್ಲಿ ಹುಟ್ಟಿ, ಕೊಲ್ಹಾಪುರದಲ್ಲಿ ಪಾಠ ಹೇಳಿ, ಪ್ರಾಕೃತದಲ್ಲಿ ಕೀರ್ತಿಗಳಿಸಿದ ಆ. ನೇ. ಉಪಾಧ್ಯೆಯವರು.