ಹೃದಯದ ಆಯ-ವ್ಯಯ

ಹೃದಯದ ಸ್ನಾಯುವಿಗೆ ರಕ್ತ ಸಾಲದಾದಾಗ ಮಾಡಬೇಕಾದುದೇನು? ಹೆಚ್ಚು ರಕ್ತವನ್ನು ಒದಗಿಸಬೇಕು ಎಂದು ಯಾರಾದರೂ ಉತ್ತರಿಸಿಯಾರು. ವೈದ್ಯರೂ ಬಹುಕಾಲ ಹಾಗೆಯೇ ಎಣಿಸಿದ್ದರು. ಆಯವನ್ನು ಹೆಚ್ಚಿಸಲಾಗದಿದ್ದರೆ ವ್ಯಯವನ್ನೇಕೆ ತಗ್ಗಿಸಬಾರದೆಂದು ಕೇಳಿದವರು ಸ್ಕಾಟ್ಲೆಂಡಿನ ಜೇಮ್ಸ್ ಬ್ಲ್ಯಾಕ್ ಮಹಾಶಯರು. ಆ ಪ್ರಶ್ನೆಯ ಫಲವೇ 1960ರ ದಶಕದಲ್ಲಿ ಬಳಕೆಗೆ ಬಂದ ಪ್ರೊಪ್ರನೊಲಾಲ್ ಎಂಬ ಔಷಧ. 1988ರಲ್ಲಿ ಅವರಿಗೆ ನೊಬೆಲ್ ಬಹುಮಾನ ಸಂದುದಕ್ಕೆ ಇದೂ ಒಂದು ಕಾರಣ.

ಈ ಆಲೋಚನೆಯ ಹಿರಿಮೆ ತಿಳಿಯಬೇಕಾದರೆ ಹೃದಯದ ಒಂದು ವಿಶೇಷವನ್ನು ಗಮನಿಸಬೇಕು. ವಿಶ್ರಾಂತಿಯಲ್ಲಿರುವ ದೇಹವು ಒಟ್ಟಿನಲ್ಲಿ ರಕ್ತದೊಳಗಿನ ಆಮ್ಲಜನಕದ ಕಾಲುಭಾಗವನ್ನು ಮಾತ್ರ ಹೀರಿಕೊಳ್ಳುತ್ತದೆ. ಹೃದಯದ ಸ್ನಾಯುವಾದರೋ ಸದಾ ಸುಮಾರು ಮುಕ್ಕಾಲು ಪಾಲನ್ನು ಹೀರಿಬಿಡುತ್ತದೆ. ಅದರ ಬಳಿ ಉಳಿತಾಯವೆಂಬುದಿಲ್ಲ. ದುಡಿಮೆ ಹೆಚ್ಚಿದರೆ ಹೆಚ್ಚು ರಕ್ತವೇ ಹರಿದು ಬರಬೇಕು. ಕೊರೊನರಿ ಧಮನಿ ಕಿರಿದಾಗಿದ್ದರೆ ಬರುವುದೆಲ್ಲಿಂದ? ಎಡ ಹೃತ್ಕುಕ್ಷಿಗೆ ರಕ್ತವು ಬಹುಮಟ್ಟಿಗೆ ಹರಿಯುವುದು ಅದು ಸಡಿಲಗೊಂಡಿರುವಾಗ. ಬಡಿತದ ವೇಗ ಹೆಚ್ಚಿದಂತೆಲ್ಲ ಕುಗ್ಗುವುದು ಮುಖ್ಯವಾಗಿ ಈ ಸಡಿಲಿನ ಕಾಲವೇ. ಅಡ್ರಿನಲಿನ್ ಹೃದಯದ ಬೀಟಾ ಗ್ರಾಹಕಗಳನ್ನು ಸೇರಿ ಬಡಿತವನ್ನು ತೀವ್ರಗೊಳಿಸಿದಾಗ ಖರ್ಚು ಏರುತ್ತದೆ, ಆದಾಯಕ್ಕೆ ಸಿಗುವ ವೇಳೆ ಇಳಿಯುತ್ತದೆ. ಬೀಟಾ ಬ್ಲಾಕರ್ ಆ ಗ್ರಾಹಕಗಳಲ್ಲಿ ತಾನೇ ಕುಳಿತು ಈ ಎರಡು ಕೇಡುಗಳನ್ನೂ ಒಮ್ಮೆಗೇ ತಗ್ಗಿಸುತ್ತದೆ.

ಇಷ್ಟನ್ನು ಹೇಳಿ ಪಾಠವನ್ನು ಮುಗಿಸುವ ರೂಢಿಯುಂಟು. ಅದು ನಮಗೆ ಒಪ್ಪಿಗೆಯಲ್ಲ. ಇದೇ ತರ್ಕವನ್ನು ನಂಬಿ ತಿರುಗಾಮುರುಗಾ ಎಡವಿದ ಚರಿತ್ರೆಯೂ ವಿದ್ಯಾರ್ಥಿಗೆ ತಿಳಿದಿರಬೇಕು. ಸೋತ ಹೃದಯವು ಅಡ್ರಿನಲಿನ್ನಿನ ಆಸರೆಯಿಂದಲೇ ನಡೆಯುತ್ತದೆ, ಆದುದರಿಂದ ಅದಕ್ಕೆ ಈ ಔಷಧ ವರ್ಜ್ಯ ಎಂದು ಪಠ್ಯಗ್ರಂಥಗಳು ಸಾರುತ್ತಿದ್ದವು. 1975ರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗ್ ನಗರದ ವಾಗ್‌ಸ್ಟೈನ್ ಮತ್ತು ಸಂಗಡಿಗರು ಅಂಥ ಏಳು ಮಂದಿ ರೋಗಿಗಳು ಅದರಿಂದಲೇ ಚೇತರಿಸಿಕೊಂಡುದನ್ನು ವರದಿಮಾಡಿದರು. ನಂಬಿದವರು ವಿರಳ. 1999ರಲ್ಲಿ ಪ್ರಕಟವಾದ ಎರಡು ದೊಡ್ಡ ಪರೀಕ್ಷೆಗಳಲ್ಲಿ ಮರಣಗಳು ಸುಮಾರು ಮೂರನೆಯ ಒಂದರಷ್ಟು ತಗ್ಗಿದಾಗ ವಾದ ಮುಗಿಯಿತು. ನಡುವೆ ಕಳೆದುಹೋದ ಇಪ್ಪತ್ತನಾಲ್ಕು ವರ್ಷಗಳ ರೋಗಿಗಳ ಮಾತೇನು?

ಇನ್ನೊಂದು ಮಗ್ಗುಲನ್ನೂ ನೋಡೋಣ. ಹೃದಯಾಘಾತವಾದ ಮೊದಲ ದಿನವೇ ಈ ಔಷಧವನ್ನು ರಕ್ತನಾಳಕ್ಕೆ ಚುಚ್ಚಿದರೆ ಒಳಿತಲ್ಲವೇ? 2005ರಲ್ಲಿ ಪ್ರಕಟವಾದ, ಚೀನಾದ 45,852 ರೋಗಿಗಳನ್ನೊಳಗೊಂಡ ಪರೀಕ್ಷೆಯಲ್ಲಿ ಮರು ಆಘಾತ ಹಾಗೂ ಮಾರಕ ಲಯಭಂಗಗಳು ಸಾವಿರಕ್ಕೆ ಐದೈದರಂತೆ ತಗ್ಗಿದವು. ಆದರೆ ಹೃದಯವೇ ಕುಸಿದು ರಕ್ತದೊತ್ತಡ ಬೀಳುವ ಪ್ರಸಂಗಗಳು ಸಾವಿರಕ್ಕೆ ಹನ್ನೊಂದರಂತೆ ಹೆಚ್ಚಿದವು. ಒಟ್ಟು ಮರಣಗಳಲ್ಲಿ ವ್ಯತ್ಯಾಸವಾಗಲಿಲ್ಲ. ಆಘಾತದ ಬಳಿಕವೂ ಸಂಕೋಚನಶಕ್ತಿ ಕುಂದದವರಿಗೆ ಇದನ್ನು ದೀರ್ಘಕಾಲ ಕೊಟ್ಟು ಫಲವಿಲ್ಲವೆಂದು 2024ರ ಒಂದು ಪರೀಕ್ಷೆ ಹೇಳಿತು. ಆ ಚರ್ಚೆ ಮುಂದುವರಿದಿದೆ.

ಹೀಗಿರುವಾಗ ‘ಬೀಟಾ ಬ್ಲಾಕರ್ ಹೃದಯಕ್ಕೆ ಹಿತವೇ?’ ಎಂಬ ಪರೀಕ್ಷಾ ಪ್ರಶ್ನೆಯೇ ಅಪೂರ್ಣವೆಂದು ನಮ್ಮ ಅಭಿಪ್ರಾಯ. ಯಾವ ಹೃದಯಕ್ಕೆ, ಯಾವ ಗಳಿಗೆಯಲ್ಲಿ, ಎಷ್ಟು ಪ್ರಮಾಣದಲ್ಲಿ ಎಂದು ಕೇಳದೆ ಬರೆದ ಉತ್ತರಕ್ಕೆ ಅಂಕ ಕೊಡಬಾರದು.

ಇದನ್ನೋದಿದ ಯಾರಾದರೂ ಮನೆಯ ಹಿರಿಯರ ಮಾತ್ರೆಯನ್ನು ಇಂದೇ ನಿಲ್ಲಿಸಹೊರಟಾರೆಂಬ ಅಂಜಿಕೆಯೂ ನಮಗುಂಟು. ದೀರ್ಘಕಾಲ ತಡೆಗೊಳಗಾದ ಹೃದಯದಲ್ಲಿ ಬೀಟಾ ಗ್ರಾಹಕಗಳ ಸಂಖ್ಯೆ ಹೆಚ್ಚಿರುತ್ತದೆ. ಮಾತ್ರೆಯನ್ನು ಥಟ್ಟನೆ ಬಿಟ್ಟರೆ ಅಡ್ರಿನಲಿನ್ನಿನ ಹೊಡೆತ ಮೊದಲಿಗಿಂತ ಬಲವಾಗಿ ಬಿದ್ದು ಎದೆನೋವು ಮರುಕಳಿಸಬಹುದು, ಹೃದಯಾಘಾತವೂ ಆಗಬಹುದು. ನಿಲ್ಲಿಸಬೇಕಾದಾಗಲೂ ವೈದ್ಯರು ಅದನ್ನು ಒಂದೆರಡು ವಾರಗಳಲ್ಲಿ ಸ್ವಲ್ಪಸ್ವಲ್ಪವಾಗಿ ಇಳಿಸುವುದು ಇದಕ್ಕಾಗಿಯೇ.